ಟೈಗರ್‌ನಟ್ ಹಾಲು ಮನೆಯಲ್ಲೇ: ಯಾವ ಗಡ್ಡೆ, ಯಾವ ವಿಧಾನ, ಯಾವ ಕೆಲಸಕ್ಕೆ ಯಾವ ಹಾಲು

ನನ್ನ ಮಗಳಿಗೆ ಹಸುವಿನ ಹಾಲು ಆಗುವುದಿಲ್ಲ. ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ ಅಲ್ಲ, ಹಾಲಿನ ಪ್ರೋಟೀನಿಗೇ ಅಲರ್ಜಿ. ಸಾಲದ್ದಕ್ಕೆ ಬಾದಾಮಿ, ಗೋಡಂಬಿ ಕೂಡ ಆಗದು. ಲಂಡನ್ನಿನ ಪೆಕಮ್‌ನಲ್ಲಿ ಪಶ್ಚಿಮ ಆಫ್ರಿಕಾದವರ ಅಂಗಡಿಗಳಿವೆ. ಅಲ್ಲಿ ಒಂದು ದಿನ ಚೀಲದ ತುಂಬ ಕಡಲೆ ಗಾತ್ರದ, ಸುಕ್ಕುಸುಕ್ಕಾದ ಕಂದು ಗಡ್ಡೆಗಳನ್ನು ಕಂಡೆ. ಇದು ಏನು ಅಂತ ಕೇಳಿದ್ದಕ್ಕೆ ಪಕ್ಕದಲ್ಲಿ ನಿಂತಿದ್ದ ನೈಜೀರಿಯಾದ ಹಿರಿಯ ಹೆಂಗಸೊಬ್ಬರು, "ಅಯಾ. ಮಗುವಿಗೆ ಇದರ ಹಾಲು ಮಾಡಿಕೊಡು" ಅಂದರು. ಅಯಾ ಅಂದರೆ ಅವರ ಭಾಷೆಯಲ್ಲಿ ಈ ಗಡ್ಡೆಯ ಹೆಸರು, ಇಂಗ್ಲಿಷಿನಲ್ಲಿ ಟೈಗರ್‌ನಟ್. ಅವರ ಊರು ಉತ್ತರ ನೈಜೀರಿಯಾದ ಕಾನೊ. ಅಂಗಡಿಯಲ್ಲೇ ನಿಂತು ಐದು ನಿಮಿಷದಲ್ಲಿ ಮಾಡುವ ವಿಧಾನ ಹೇಳಿಕೊಟ್ಟರು. ಅವತ್ತಿನಿಂದ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಈ ಹಾಲು ಇದ್ದೇ ಇರುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಾಲಿಗೆ ಬದಲಿ ಯಾವುದು ಅಂತ ಹುಡುಕುತ್ತಾ ಹೋದರೆ ಬೇಜಾರಾಗುತ್ತದೆ. ಹಸುವಿನ ಹಾಲು ಮಾಡುವ ಎಲ್ಲ ಕೆಲಸವನ್ನೂ ಮಾಡುವ ಗಿಡದ ಹಾಲು ಇಲ್ಲ. ಕುಡಿಯುವುದಕ್ಕಾ, ಕಾಫಿಗಾ, ಪಾಯಸಕ್ಕಾ, ಮೊಸರಿಗಾ ಅಂತ ಮೊದಲು ಕೇಳಿಕೊಳ್ಳಿ. ಆಗ ಆಯ್ಕೆ ಸುಲಭ.

ಇದು ನಟ್ ಅಲ್ಲ, ಗಡ್ಡೆ

ಹೆಸರಲ್ಲಿ ನಟ್ ಇದ್ದರೂ ಇದು ಬೀಜವಲ್ಲ. ಜೇಕಿನ ಜಾತಿಯ ಒಂದು ಗಿಡದ ಬೇರಿನಲ್ಲಿ ಬಿಡುವ ಪುಟ್ಟ ಗಡ್ಡೆ. ಗಿಡದ ಹೆಸರು ಸೈಪರಸ್ ಎಸ್ಕ್ಯುಲೆಂಟಸ್. ಹಾಗಾಗಿ ಬಾದಾಮಿ, ಗೋಡಂಬಿ, ವಾಲ್‌ನಟ್ ಆಗದವರು ಸಾಮಾನ್ಯವಾಗಿ ಇದನ್ನು ಕುಡಿಯಬಹುದು. ಆದರೆ ಪ್ಯಾಕೆಟ್ ಹಿಂದೆ ಬರೆದದ್ದನ್ನು ಓದಿ. ಅದೇ ಕಾರ್ಖಾನೆಯಲ್ಲಿ ಬಾದಾಮಿಯನ್ನೂ ಪ್ಯಾಕ್ ಮಾಡಿರಬಹುದು. ಅಲರ್ಜಿ ಜೋರಾಗಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ನಮ್ಮ ಕಡೆಯವರು ಇದರ ಹತ್ತಿರದ ನೆಂಟನನ್ನು ಚೆನ್ನಾಗಿ ಬಲ್ಲರು. ಗದ್ದೆ, ತೋಟದಲ್ಲಿ ಎಷ್ಟು ಕಿತ್ತರೂ ಮತ್ತೆ ಮತ್ತೆ ಬರುವ ಕೊನ್ನಾರಿ ಗಡ್ಡೆ ಇದೆಯಲ್ಲ, ಭದ್ರಮುಷ್ಟಿ ಅಂತ ಔಷಧಿಗೆ ಬಳಸುವುದು, ಅದೂ ಇದೇ ಕುಲದ್ದು. ಆದರೆ ಅದು ಬೇರೆ ಜಾತಿ, ಸೈಪರಸ್ ರೊಟಂಡಸ್. ಅದು ಕಹಿ, ಘಾಟು ವಾಸನೆ. ಹಿತ್ತಲಲ್ಲಿ ಅಗೆದು ತಂದು ಹಾಲು ಮಾಡಲು ಹೋಗಬೇಡಿ. ಟೈಗರ್‌ನಟ್ ತಾನೇ ಸಿಹಿ. ಒಣ ಗಡ್ಡೆಯನ್ನು ಹಾಗೇ ಅಗಿದರೆ ಕೊಬ್ಬರಿ ಮತ್ತು ಬಾದಾಮಿಯ ನಡುವಿನ ರುಚಿ.

ಬಹಳ ಹಳೆಯ ಆಹಾರ ಇದು. ಪ್ರಾಚೀನ ಈಜಿಪ್ಟಿನ ಸಮಾಧಿಗಳಲ್ಲೂ ಈ ಗಡ್ಡೆ ಸಿಕ್ಕಿದೆ. ಹಾಲಿನ ವಿಷಯಕ್ಕೆ ಬಂದರೆ ಇವತ್ತು ಎರಡು ದೊಡ್ಡ ಮನೆತನಗಳಿವೆ ಅನ್ನಬಹುದು. ಒಂದು ಸ್ಪೇನಿನ ವೆಲೆನ್ಸಿಯಾ. ಇನ್ನೊಂದು ಪಶ್ಚಿಮ ಆಫ್ರಿಕಾ, ಅದರಲ್ಲೂ ನೈಜೀರಿಯಾದ ಉತ್ತರ ಭಾಗ. ಘಾನಾದಲ್ಲೂ ಇದು ಉಂಟು, ಅಲ್ಲಿ ಗಡ್ಡೆಗೆ ಅಟಾಡ್ವೆ ಅನ್ನುತ್ತಾರೆ. ನಾನು ಎರಡೂ ರೀತಿಯಲ್ಲಿ ಮಾಡಿ ನೋಡಿದ್ದೇನೆ. ವ್ಯತ್ಯಾಸ ಕಾಣುವಷ್ಟಿದೆ.

ಯಾವ ಗಡ್ಡೆ ಕೊಳ್ಳಬೇಕು

ಅಂಗಡಿಯಲ್ಲಿ ಮೂರು ಥರ ಸಿಗುತ್ತದೆ. ಸಿಪ್ಪೆ ಸಮೇತ ಒಣಗಿಸಿದ ಇಡೀ ಗಡ್ಡೆ, ಸಿಪ್ಪೆ ತೆಗೆದದ್ದು, ಮತ್ತು ಹಿಟ್ಟು. ಆಫ್ರಿಕಾದವರ ಅಂಗಡಿಯಲ್ಲಿ ಕೆಲವೊಮ್ಮೆ ಹಸಿ ಗಡ್ಡೆಯೂ ಬರುತ್ತದೆ. ಸಿಕ್ಕರೆ ಬಿಡಬೇಡಿ, ಅದನ್ನು ನೆನೆಸುವ ಕೆಲಸವೇ ಇಲ್ಲ. ತೊಳೆದು ರುಬ್ಬಿದರೆ ಆಯಿತು. ಆದರೆ ಬೇಗ ಕೆಡುತ್ತದೆ, ಆದ್ದರಿಂದ ತಂದ ದಿನವೇ ಮಾಡಿ.

ನನ್ನ ಮತ ಇಡೀ ಒಣ ಗಡ್ಡೆಗೆ. ಬೆಲೆ ಕಡಿಮೆ, ರುಚಿ ಜಾಸ್ತಿ, ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ತೊಂದರೆ ಅಂದರೆ ನೆನೆಸಬೇಕು, 12 ಗಂಟೆ ಕನಿಷ್ಠ, 24 ಗಂಟೆ ಆದರೆ ಇನ್ನೂ ಒಳ್ಳೆಯದು, ಮತ್ತು ಆ ಸುಕ್ಕಿನ ಸಂದಿಗಳಲ್ಲಿ ಮಣ್ಣು ಕೂತಿರುತ್ತದೆ ಅನ್ನುವುದನ್ನು ಮರೆಯುವ ಹಾಗಿಲ್ಲ. ನೆಲದಡಿ ಬೆಳೆದದ್ದು ಅಲ್ವಾ. ಮೊದಲನೇ ಸಲ ನಾನು ಎರಡೇ ನೀರಲ್ಲಿ ತೊಳೆದು ಬಿಟ್ಟೆ. ಹಾಲು ಕುಡಿದಾಗ ಹಲ್ಲಿಗೆ ಮರಳು ಸಿಕ್ಕಿತು. ಈಗ ಅಕ್ಕಿ ತೊಳೆದ ಹಾಗೆ ಕೈಯಲ್ಲಿ ಚೆನ್ನಾಗಿ ಉಜ್ಜಿ, ನೀರು ತಿಳಿಯಾಗುವವರೆಗೆ ಐದಾರು ಸಲ ತೊಳೆಯುತ್ತೇನೆ. ನೆನೆಯುವಾಗ ನಡುವೆ ಎರಡು ಸಲ ನೀರು ಬದಲಿಸಿ. ಬೇಸಿಗೆಯಲ್ಲಿ ಪಾತ್ರೆಯನ್ನು ಫ್ರಿಜ್‌ನಲ್ಲೇ ಇಡಿ, ಇಲ್ಲದಿದ್ದರೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ. ನೆನೆದ ಮೇಲೂ ಮೇಲೆ ತೇಲುವ ಗಡ್ಡೆಗಳನ್ನು ತೆಗೆದುಬಿಡಿ. ಅವು ಟೊಳ್ಳು ಅಥವಾ ಹುಳ ತಿಂದದ್ದು. ಬೂಸ್ಟು ಹಿಡಿದದ್ದು ಒಂದು ಕಂಡರೂ ಅಕ್ಕಪಕ್ಕದ್ದನ್ನೆಲ್ಲ ಸರಿಯಾಗಿ ನೋಡಿ.

ಸರಿಯಾಗಿ ನೆನೆದಿದೆಯಾ ಅಂತ ಹೇಗೆ ಗೊತ್ತಾಗುತ್ತದೆ? ಸುಕ್ಕು ಬಿಟ್ಟು ಮೈ ತುಂಬಿಕೊಂಡಿರಬೇಕು. ಉಗುರಲ್ಲಿ ಒತ್ತಿದರೆ ಒಳಗಿಂದ ಬಿಳಿ ಹಾಲು ಜಿನುಗಬೇಕು. ಜಿನುಗಲಿಲ್ಲ ಅಂದರೆ ಇನ್ನೂ ಬಿಡಿ.

ಸಿಪ್ಪೆ ತೆಗೆದದ್ದು ಆತುರದವರಿಗೆ. ಆರು ಗಂಟೆ ನೆನೆದರೆ ಸಾಕು, ತೊಳೆಯುವ ಕಷ್ಟ ಕಡಿಮೆ, ಹಾಲು ಬೆಳ್ಳಗೆ ಬರುತ್ತದೆ, ಮಣ್ಣಿನ ಸೊಗಡು ಇರುವುದಿಲ್ಲ. ಆ ಸೊಗಡೇ ನನಗಿಷ್ಟ, ಆದ್ದರಿಂದ ನಾನು ತರುವುದಿಲ್ಲ. ಆದರೆ ಮಕ್ಕಳು ಕಂದು ಬಣ್ಣ ನೋಡಿ ಬೇಡ ಅಂದರೆ, ಅಥವಾ ನಿಮ್ಮ ಮಿಕ್ಸಿ ಹಳೆಯದಾಗಿ ಗಟ್ಟಿ ಸಿಪ್ಪೆಯನ್ನು ಅರೆಯಲಾರದೆ ಒದ್ದಾಡಿದರೆ, ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಇದನ್ನೇ ತನ್ನಿ.

ಹಿಟ್ಟಿನಿಂದ ಹಾಲು ಮಾಡಬೇಡಿ. ನೀರಿಗೆ ಕಲಸಿದರೆ ಹಾಲಾಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಆಗುತ್ತದೆ, ಆದರೆ ಗಂಟಲಲ್ಲಿ ತರಿತರಿ. ಹಿಟ್ಟು ಬಿಸ್ಕತ್ತು, ಕೇಕಿಗೆ ಚೆನ್ನ.

ವೆಲೆನ್ಸಿಯಾದ ರೀತಿ

ವೆಲೆನ್ಸಿಯಾ ಊರಿಗೆ ಅಂಟಿಕೊಂಡು ಉತ್ತರಕ್ಕೆ ಅಲ್ಬೊರಾಯಾ ಅನ್ನುವ ಊರಿದೆ. ಸುತ್ತಲೂ ಮರಳು ಮಿಶ್ರಿತ ಸಡಿಲ ಮಣ್ಣಿನ ಹೊಲಗಳು. ಏಪ್ರಿಲ್, ಮೇನಲ್ಲಿ ಸಾಲು ಮಾಡಿ ನೆಡುತ್ತಾರೆ, ನವೆಂಬರ್ ಹೊತ್ತಿಗೆ ಕೀಳಲು ಶುರು ಮಾಡುತ್ತಾರೆ. ಕಿತ್ತ ಗಡ್ಡೆಯನ್ನು ಸುಮಾರು ಮೂರು ತಿಂಗಳು ತಿರುವಿ ತಿರುವಿ ನಿಧಾನವಾಗಿ ಒಣಗಿಸುತ್ತಾರೆ. ಆಗ ಸಿಹಿ ಗಟ್ಟಿಯಾಗುತ್ತದೆ. ಗಡ್ಡೆಗೆ ಅವರು ಚುಫಾ ಅನ್ನುತ್ತಾರೆ, ಹಾಲಿಗೆ ಒರ್ಚಾಟಾ. ನಮ್ಮ ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಊರಿನ ಗುರುತು ಇರುವ ಹಾಗೆ ವೆಲೆನ್ಸಿಯಾದ ಚುಫಾಕ್ಕೂ ಊರಿನ ಹೆಸರಿನ ರಕ್ಷಣೆ ಇದೆ. ಮೆಕ್ಸಿಕೊದಲ್ಲಿ ಒರ್ಚಾಟಾ ಅಂದರೆ ಅಕ್ಕಿಯದು, ಅದು ಬೇರೆಯೇ ಪಾನೀಯ. ಹುಡುಕುವಾಗ ಗೊಂದಲ ಆಗಬಹುದು, ಅದಕ್ಕೆ ಹೇಳಿದೆ.

ಆ ಊರಲ್ಲಿ ಒಂದು ಕಥೆ ಹೇಳುತ್ತಾರೆ. 13ನೇ ಶತಮಾನದ ರಾಜ ಒಂದನೇ ಜೌಮೆಗೆ ಹುಡುಗಿಯೊಬ್ಬಳು ಇದನ್ನು ಕುಡಿಯಲು ಕೊಟ್ಟಳಂತೆ. ಏನಿದು ಅಂತ ಕೇಳಿದಾಗ ಚುಫಾದ ಹಾಲು ಅಂದಳಂತೆ. ಅವನು ಇದು ಹಾಲಲ್ಲ ಹುಡುಗಿ, ಚಿನ್ನ ಅಂದನಂತೆ. ಅವರ ಭಾಷೆಯಲ್ಲಿ ಚಿನ್ನಕ್ಕೆ ಓರ್, ಹುಡುಗಿಗೆ ಚಾಟಾ, ಎರಡೂ ಸೇರಿ ಈ ಹೆಸರು ಬಂತು ಅನ್ನುತ್ತಾರೆ. ಪದದ ನಿಜವಾದ ಬೇರು ಲ್ಯಾಟಿನ್ ಭಾಷೆಯಲ್ಲಿ ಬಾರ್ಲಿಗೆ ಇರುವ ಹೆಸರು. ಆದರೂ ಆ ಕಥೆ ನನಗೆ ತುಂಬ ಇಷ್ಟ.

ಈ ರೀತಿಯಲ್ಲಿ ಸಾಮಾನು ಮೂರೇ. ಗಡ್ಡೆ, ನೀರು, ಸಕ್ಕರೆ. ಅಳತೆ ನಾನು ಹೀಗೆ ಹಿಡಿಯುತ್ತೇನೆ: 250 ಗ್ರಾಂ ಒಣ ಗಡ್ಡೆಗೆ 1 ಲೀಟರ್ ನೀರು. ನೆನೆದ ಗಡ್ಡೆಯನ್ನು ಮಿಕ್ಸಿಗೆ ಹಾಕಿ, ಆ ನೀರಲ್ಲಿ ಮೂರನೇ ಒಂದು ಪಾಲು ಸೇರಿಸಿ ನುಣ್ಣಗೆ ರುಬ್ಬಿ. ನೀರು ಫ್ರಿಜ್‌ನ ತಣ್ಣೀರೇ ಆಗಬೇಕು. ಮಿಕ್ಸಿ ಜಾಸ್ತಿ ಹೊತ್ತು ಓಡಿದರೆ ಜಾರ್ ಬಿಸಿಯಾಗುತ್ತದೆ, ಬಿಸಿ ಈ ಹಾಲಿಗೆ ಆಗಿಬರುವುದಿಲ್ಲ. ನಡುನಡುವೆ ನಿಲ್ಲಿಸಿ ರುಬ್ಬಿ. ಆಮೇಲೆ ತೆಳು ಬಿಳಿ ಬಟ್ಟೆಯಲ್ಲಿ ಹಾಕಿ ಹಿಂಡಿ. ಹಿಪ್ಪೆಯನ್ನು ಮತ್ತೆ ಜಾರಿಗೆ ಹಾಕಿ ಉಳಿದ ನೀರು ಸೇರಿಸಿ ಇನ್ನೊಮ್ಮೆ ರುಬ್ಬಿ, ಇನ್ನೊಮ್ಮೆ ಹಿಂಡಿ. ತೆಂಗಿನಕಾಯಿಯಲ್ಲಿ ಮೊದಲನೇ ಹಾಲು, ಎರಡನೇ ಹಾಲು ತೆಗೆಯುತ್ತೇವಲ್ಲ, ಅದೇ ಲೆಕ್ಕ. ಇಲ್ಲಿ ಎರಡನ್ನೂ ಸೇರಿಸಿಬಿಡುವುದು.

ಸಕ್ಕರೆಯನ್ನು ಒರ್ಚಾಟಾ ಮಾರುವ ಅಂಗಡಿಯವರು ಲೀಟರಿಗೆ 100 ಗ್ರಾಂ, ಅದಕ್ಕಿಂತ ಜಾಸ್ತಿಯೂ ಹಾಕುತ್ತಾರೆ. ನನಗೆ ಅದು ತೀರಾ ಸಿಹಿ. ಗಡ್ಡೆಯಲ್ಲೇ ಸಿಹಿ ಇದೆ, ಎರಡು ಚಮಚ ಹಾಕಿದರೆ ಬೇಕಾದಷ್ಟಾಯಿತು, ಹಾಕದಿದ್ದರೂ ನಡೆಯುತ್ತದೆ. ಕೆಲವರು ನೆನೆಸುವಾಗ ನಿಂಬೆ ಸಿಪ್ಪೆ, ದಾಲ್ಚಿನ್ನಿ ಚಕ್ಕೆ ಹಾಕುತ್ತಾರೆ. ಕೊರೆಯುವಷ್ಟು ತಣ್ಣಗೆ ಮಾಡಿ ಕುಡಿಯಬೇಕು. ಅಲ್ಲಿ ಜೊತೆಗೆ ಫಾರ್ಟೋನ್ ಅನ್ನುವ ಉದ್ದನೆಯ ಮೆತ್ತಗಿನ ಸಿಹಿ ಬನ್ ಕೊಡುತ್ತಾರೆ, ಅದನ್ನು ಹಾಲಿಗೆ ಅದ್ದಿ ತಿನ್ನುವುದು.

ಕಾನೊ ಕಡೆಯ ರೀತಿ

ಆ ಕಡೆಯವರ ಹೌಸಾ ಭಾಷೆಯಲ್ಲಿ ಗಡ್ಡೆಗೆ ಅಯಾ, ಹಾಲಿಗೆ ಕುನುನ್ ಅಯಾ. ಕುನು ಅಂದರೆ ಗಂಜಿ, ಅಂಬಲಿಯಂಥದ್ದು. ಕುನು ಅಂತ ಕರೆದರೂ ಇದನ್ನು ಬೇಯಿಸುವುದಿಲ್ಲ. ಇದರಲ್ಲಿ ಗಡ್ಡೆಯ ಜೊತೆಗೆ ತೆಂಗಿನಕಾಯಿ ಚೂರು, ಬೀಜ ತೆಗೆದು ನೆನೆಸಿದ ಖರ್ಜೂರ, ಹಸಿ ಶುಂಠಿ, ಒಂದೆರಡು ಲವಂಗ ಎಲ್ಲವನ್ನೂ ಒಟ್ಟಿಗೆ ರುಬ್ಬುತ್ತಾರೆ. ಸಕ್ಕರೆ ಬೇಡವೇ ಬೇಡ, ಖರ್ಜೂರ ಆ ಕೆಲಸ ಮಾಡುತ್ತದೆ.

ನನ್ನ ಅಳತೆ: 250 ಗ್ರಾಂ ಗಡ್ಡೆ, ಅರ್ಧ ಹೋಳು ತೆಂಗಿನಕಾಯಿ, ಎಂಟು ಖರ್ಜೂರ, ಹೆಬ್ಬೆರಳ ತುದಿಯಷ್ಟು ಶುಂಠಿ, ಎರಡು ಲವಂಗ, ಒಂದೂಕಾಲು ಲೀಟರ್ ನೀರು. ಲವಂಗ ಜಾಸ್ತಿ ಮಾಡಬೇಡಿ, ಬೇರೆಲ್ಲ ರುಚಿಯನ್ನೂ ತಿಂದುಹಾಕುತ್ತದೆ.

ಎರಡರಲ್ಲಿ ಯಾವುದು? ಸುಮ್ನೆ ಗಡ್ಡೆಯ ರುಚಿ ಹೇಗಿದೆ ಅಂತ ತಿಳಿಯಬೇಕಾದರೆ ವೆಲೆನ್ಸಿಯಾದ್ದು. ಊಟದ ಬದಲು ಒಂದು ಲೋಟ ಕುಡಿದು ಹೊಟ್ಟೆ ತಣ್ಣಗಾಗಬೇಕಾದರೆ ಕಾನೊದ್ದು. ನಮ್ಮ ನಾಲಿಗೆಗೆ ಕಾನೊದ್ದು ಬೇಗ ಹಿಡಿಸುತ್ತದೆ ಅಂತ ನನ್ನ ಅನುಭವ, ಏಕೆಂದರೆ ಕಾಯಿ, ಶುಂಠಿ, ಲವಂಗ ಎಲ್ಲ ನಮಗೆ ಗೊತ್ತಿರುವ ರುಚಿಗಳು, ಪಾನಕ ಮತ್ತು ಕಾಯಿಹಾಲು ಎರಡೂ ಒಂದೇ ಲೋಟದಲ್ಲಿ ಸಿಕ್ಕ ಹಾಗಿರುತ್ತದೆ. ಊರಿಂದ ಬಂದಿದ್ದ ಅಮ್ಮನಿಗೆ ಎರಡನ್ನೂ ಕೊಟ್ಟೆ. ವೆಲೆನ್ಸಿಯಾದ್ದನ್ನು ಅರ್ಧ ಕುಡಿದು ಇಟ್ಟರು. ಕಾನೊದ್ದಕ್ಕೆ ಎರಡು ಏಲಕ್ಕಿ ಕುಟ್ಟಿ ಹಾಕಿಸಿಕೊಂಡು ಪೂರ್ತಿ ಕುಡಿದರು. ಆವತ್ತಿನಿಂದ ನಾನೂ ಏಲಕ್ಕಿ ಹಾಕುತ್ತೇನೆ. ಆದರೆ ಮನೆಯಲ್ಲಿ ಯಾರಿಗಾದರೂ ತೆಂಗಿನಕಾಯಿ ಆಗದಿದ್ದರೆ ಈ ರೀತಿ ಬೇಡ.

ಸಿಹಿಗೆ ಬೆಲ್ಲ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಬಹುದು, ಆದರೆ ಗಡ್ಡೆಯ ನವಿರು ರುಚಿ ಬೆಲ್ಲದ ಕೆಳಗೆ ಮುಚ್ಚಿಹೋಗುತ್ತದೆ. ಖರ್ಜೂರವೇ ಮೇಲು.

ಕಾಯಿಸಿದರೆ ಏನಾಗುತ್ತದೆ

ಎಲ್ಲರೂ ಎಡವುವ ಜಾಗ ಇದು. ಹಾಲು ಅಂದ ತಕ್ಷಣ ಒಲೆ ಮೇಲೆ ಇಡುವುದು ನಮ್ಮ ಅಭ್ಯಾಸ. ಟೈಗರ್‌ನಟ್ ಹಾಲನ್ನು ಒಲೆ ಮೇಲೆ ಇಟ್ಟು ನೋಡಿ, ಕುದಿ ಬರುವುದಕ್ಕೂ ಮೊದಲೇ ದಪ್ಪವಾಗುತ್ತಾ ಹೋಗಿ ತಳ ಹಿಡಿದು ಗಂಜಿಯಾಗುತ್ತದೆ. ಗಡ್ಡೆಯಲ್ಲಿ ಕಾಲು ಭಾಗಕ್ಕೂ ಮೀರಿ ಪಿಷ್ಟವೇ ಇರುತ್ತದೆ. ರುಬ್ಬಿ ಹಿಂಡಿದಾಗ ಅದು ಹಾಲಿಗೆ ಬರುತ್ತದೆ. ಬಿಸಿ ತಾಗಿದರೆ ನೀರು ಹೀರಿ ಉಬ್ಬುತ್ತದೆ.

ರಾಗಿ ಹಾಲುಬಾಯಿ ಮಾಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಬೆಲ್ಲ ಹಾಕಿ ಕೈಬಿಡದೆ ಕೆದಕುತ್ತೇವೆ, ಅದು ಗಟ್ಟಿಯಾಗಿ ತಟ್ಟೆಗೆ ಸುರಿದರೆ ಬಿಲ್ಲೆ ಕತ್ತರಿಸುವಂತಾಗುತ್ತದೆ. ಅದೇ ಸಂಗತಿ ಇಲ್ಲೂ ಆಗುವುದು. ನಾನು ಬೇಕೆಂದೇ ಒಮ್ಮೆ ಟೈಗರ್‌ನಟ್ ಹಾಲುಬಾಯಿ ಮಾಡಿದೆ, ಬೆಲ್ಲ, ಏಲಕ್ಕಿ, ಸ್ವಲ್ಪ ಕಾಯಿಹಾಲು ಸೇರಿಸಿ. ರಾಗಿಯದರಷ್ಟು ಗಟ್ಟಿ ನಿಲ್ಲಲಿಲ್ಲ, ಚಮಚದಲ್ಲಿ ತಿನ್ನುವ ಹದಕ್ಕೆ ಬಂತು, ರುಚಿ ಮಾತ್ರ ಬಹಳ ಚೆನ್ನಾಗಿತ್ತು.

ಹಾಗಾಗಿ ಫಿಲ್ಟರ್ ಕಾಫಿಗೆ ಇದು ಆಗುವುದಿಲ್ಲ. ಕಪ್ಪು ಕಾಫಿಗೆ ಒಂದು ಚಮಚ ಹಾಕುವವರಿಗೆ ನಡೆಯಬಹುದು. ಅರ್ಧ ಡಿಕಾಕ್ಷನ್, ಅರ್ಧ ಹಾಲು ಅನ್ನುವ ನಮ್ಮ ಕಾಫಿಗೆ ಬಿಸಿ ಮಾಡಿದ ಟೈಗರ್‌ನಟ್ ಹಾಲು ಹಾಕಿದರೆ ಲೋಳೆಯಂತಾಗುತ್ತದೆ. ಬೇಕೇ ಬೇಕು ಅಂದರೆ ಒಂದು ದಾರಿ ಇದೆ. ಹಿಂಡಿದ ಹಾಲನ್ನು ಫ್ರಿಜ್‌ನಲ್ಲಿ ಮೂರು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೆಳ್ಳನೆಯ ಪಿಷ್ಟ ಕೂರುತ್ತದೆ. ಮೇಲಿನದನ್ನು ಮಾತ್ರ ನಿಧಾನವಾಗಿ ಬಗ್ಗಿಸಿಕೊಂಡು ಬೆಚ್ಚಗೆ ಮಾಡಿ, ಕುದಿಸಬೇಡಿ. ತಳದಲ್ಲಿ ಕೂತದ್ದನ್ನು ಸಾರು ದಪ್ಪ ಮಾಡಲು ಬಳಸಿ, ಕಾರ್ನ್‌ಫ್ಲೋರ್ ಹಾಗೆ. ಆದರೆ ಇಷ್ಟೆಲ್ಲ ಮಾಡಿ ಬರುವ ಕಾಫಿ ಅಷ್ಟಕ್ಕಷ್ಟೇ. ಕಾಫಿಗೆ ಬೇರೆ ಹಾಲು ನೋಡಿ ಅಂತಲೇ ನಾನು ಹೇಳುವುದು.

ಬೇರೆ ಹಾಲುಗಳ ಜೊತೆ ಇಟ್ಟು ನೋಡಿದರೆ

ತೆಂಗಿನಕಾಯಿ ಹಾಲು ನಮಗೆ ಹೊಸತಲ್ಲ. ಒತ್ತು ಶಾವಿಗೆಗೆ ಕಾಯಿಹಾಲು ಹಾಕಿಕೊಂಡು ಬೆಳೆದವರು ನಾವು. ನೆನೆಸುವುದೇ ಬೇಡ, ತುರಿದು, ಬೆಚ್ಚಗಿನ ನೀರಲ್ಲಿ ರುಬ್ಬಿ ಹಿಂಡಿದರೆ ಹತ್ತು ನಿಮಿಷದ ಕೆಲಸ. ಪಾಯಸಕ್ಕೆ, ಸಾಗುವಿಗೆ ಇದನ್ನು ಮೀರಿಸುವುದು ಇಲ್ಲ. ಗಟ್ಟಿ ಹಾಲನ್ನು ಜೋರಾಗಿ ಕುದಿಸಿದರೆ ಒಡೆಯುತ್ತದೆ ಅನ್ನುವುದು ನಿಮಗೂ ಗೊತ್ತಿರುತ್ತದೆ, ಕೊನೆಯಲ್ಲಿ ಹಾಕಿ ಇಳಿಸಬೇಕು. ಕೊಬ್ಬು ಜಾಸ್ತಿ, ಅದರಲ್ಲೂ ಸ್ಯಾಚುರೇಟೆಡ್ ಕೊಬ್ಬು. ಟೈಗರ್‌ನಟ್‌ನಲ್ಲಿ ಕೊಬ್ಬಿದ್ದರೂ ಅದು ಬಹುಪಾಲು ಆಲಿವ್ ಎಣ್ಣೆಯಲ್ಲಿ ಇರುವಂಥದ್ದು, ಓಲಿಕ್ ಆಮ್ಲ. ದಿನಾ ಒಂದು ಲೋಟ ಕುಡಿಯುವವರಿಗೆ ಈ ವ್ಯತ್ಯಾಸ ಮುಖ್ಯ.

ಕಡಲೆಕಾಯಿ ಬೀಜದ ಹಾಲು ಎಲ್ಲಕ್ಕಿಂತ ಅಗ್ಗ, ಪ್ರೋಟೀನೂ ಚೆನ್ನಾಗಿದೆ. ಕಾಯಿಸಬಹುದು. ಮುಖ್ಯವಾಗಿ ಇದು ಮೊಸರಾಗುತ್ತದೆ! ಹೆಪ್ಪಿಗೆ ಡೈರಿ ಮೊಸರು ಬೇಡ ಅನ್ನುವವರು ಹಸಿಮೆಣಸಿನಕಾಯಿ ತೊಟ್ಟುಗಳನ್ನು ಬೆಚ್ಚಗಿನ ಹಾಲಿಗೆ ಹಾಕಿ ಹೆಪ್ಪು ಮಾಡುತ್ತಾರೆ, ಮೊದಲ ಸಲದ್ದನ್ನು ಮುಂದಿನ ಸಲಕ್ಕೆ ಹೆಪ್ಪಾಗಿ ಇಟ್ಟುಕೊಳ್ಳುತ್ತಾರೆ. ಮಜ್ಜಿಗೆ ಹುಳಿಗೂ ನಡೆಯುತ್ತದೆ. ಟೈಗರ್‌ನಟ್ ಹಾಲಿನಲ್ಲಿ ಮೊಸರಿನ ಆಸೆ ಬಿಟ್ಟುಬಿಡಿ. ಹೆಪ್ಪುಗಟ್ಟುವಷ್ಟು ಪ್ರೋಟೀನ್ ಅದರಲ್ಲಿ ಇಲ್ಲ, ಹುಳಿಯಾಗಿ ನೀರು ಬೇರೆಯಾಗುತ್ತದೆ ಅಷ್ಟೇ. ಆದರೆ ಕಡಲೆಕಾಯಿ ಅಲರ್ಜಿ ಇರುವ ಮನೆಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ. ಆ ಅಲರ್ಜಿ ಪ್ರಾಣಕ್ಕೇ ಅಪಾಯ ತರಬಹುದು.

ಸೋಯಾ ಹಾಲು ಪ್ರೋಟೀನಿನಲ್ಲಿ ಹಸುವಿನ ಹಾಲಿಗೆ ಹತ್ತಿರ ಬರುವ ಏಕೈಕ ಮನೆಹಾಲು ಅನ್ನಬಹುದು, 100 ಮಿಲಿಲೀಟರಿಗೆ ಸುಮಾರು 3 ಗ್ರಾಂ. ಮನೆಯಲ್ಲಿ ಮಾಡುವಾಗ ಹಸಿ ಕಾಳಿನ ವಾಸನೆ ಬರುತ್ತದೆ. ನೆನೆದ ಕಾಳಿನ ಸಿಪ್ಪೆ ಉಜ್ಜಿ ತೆಗೆದು, ಕುದಿಯುವ ನೀರಲ್ಲೇ ರುಬ್ಬಿದರೆ ವಾಸನೆ ಬಹಳ ಕಡಿಮೆಯಾಗುತ್ತದೆ. ಇದನ್ನು ಹಸಿಯಾಗಿ ಕುಡಿಯುವ ಹಾಗೇ ಇಲ್ಲ, ಚೆನ್ನಾಗಿ ಕುದಿಸಲೇಬೇಕು. ಮೇಲೆ ನೊರೆ ಉಕ್ಕುತ್ತದೆ, ಒಲೆ ಬಿಟ್ಟು ಹೋಗಬೇಡಿ. ಕಾಫಿಗೆ ನಾನು ಇದನ್ನೇ ಬಳಸುತ್ತೇನೆ.

ಓಟ್ಸ್ ಹಾಲು ಅಂಗಡಿಯದ್ದು ಚೆನ್ನಾಗಿರುತ್ತದೆ, ಮನೆಯದ್ದು ಲೋಳೆ. ಅಂಗಡಿಯವರು ಕಿಣ್ವ ಹಾಕಿ ಪಿಷ್ಟವನ್ನು ಒಡೆದಿರುತ್ತಾರೆ, ಅದಕ್ಕೇ ಅದು ಸಿಹಿ ಮತ್ತು ತೆಳು. ಮನೆಯಲ್ಲಿ ಆ ಕಷ್ಟ ಬೇಡ.

ಎಳ್ಳಿನ ಹಾಲಿನ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದು ಬೇಸರದ ಸಂಗತಿ. ಎಳ್ಳಲ್ಲಿ, ಅದರಲ್ಲೂ ಸಿಪ್ಪೆ ಇರುವ ಎಳ್ಳಲ್ಲಿ ಸುಣ್ಣದ ಅಂಶ ತುಂಬ ಇದೆ. ಸ್ವಲ್ಪ ಹುರಿದು, ಬೆಲ್ಲ, ಏಲಕ್ಕಿ ಹಾಕಿ ರುಬ್ಬಿ ಸೋಸಿದರೆ ಒಳ್ಳೆಯ ಪಾನೀಯ. ಸ್ವಲ್ಪ ಕಹಿ ಉಳಿಯುತ್ತದೆ. ಎಳ್ಳಿನ ಅಲರ್ಜಿಯೂ ಇದೆ, ಗಮನ ಇರಲಿ.

ಬಾದಾಮಿ ಹಾಲು ರುಚಿಯಲ್ಲಿ ಟೈಗರ್‌ನಟ್‌ಗೆ ಹತ್ತಿರ, ಬೆಲೆಯಲ್ಲಿ ದೂರ. ನಟ್ ಆಗುವವರು ಕೊಂಡುಕೊಳ್ಳಲಿ.

ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ನೀವು ಬೆಂಗಳೂರಲ್ಲೋ ಹಾಸನದಲ್ಲೋ ಇದ್ದು, ಮನೆಯಲ್ಲಿ ತೆಂಗಿನಕಾಯಿ, ಕಡಲೆಕಾಯಿ ಎಲ್ಲರಿಗೂ ಆಗುತ್ತದೆ ಅಂದರೆ, ಆನ್‌ಲೈನ್‌ನಲ್ಲಿ ದುಬಾರಿ ಬೆಲೆಗೆ ಟೈಗರ್‌ನಟ್ ತರಿಸುವ ಅಗತ್ಯ ಇಲ್ಲ. ರುಚಿ ನೋಡುವ ಆಸೆಗೆ ಒಮ್ಮೆ ತರಿಸಿ, ದಿನದ ಹಾಲಿಗೆ ಬೇಡ. ಲಂಡನ್, ವೆಲೆನ್ಸಿಯಾ, ಲೇಗೋಸ್, ಅಕ್ರಾದಂಥ ಊರಲ್ಲಿ ಇರುವ ಕನ್ನಡದವರಿಗೆ ಲೆಕ್ಕ ತಿರುಗುಮುರುಗು. ಅಲ್ಲಿ ಒಳ್ಳೆಯ ತೆಂಗಿನಕಾಯಿ ಹುಡುಕುವುದಕ್ಕಿಂತ ಇದು ಸುಲಭವಾಗಿ ಸಿಗಬಹುದು. ನಟ್, ಕಡಲೆಕಾಯಿ, ಸೋಯಾ ಮೂರೂ ಆಗದ ಮಗು ಇರುವ ಮನೆಗಂತೂ ಬೆಲೆ ಎಷ್ಟಾದರೂ ಇದು ದೊಡ್ಡ ಆಸರೆ.

ಮಕ್ಕಳಿಗೆ ಕೊಡುವ ಮೊದಲು

ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಅಥವಾ ಡಾಕ್ಟರ್ ಹೇಳಿದ ಫಾರ್ಮುಲಾದ ಜಾಗದಲ್ಲಿ ಇದನ್ನಾಗಲಿ ಬೇರೆ ಯಾವ ಮನೆಹಾಲನ್ನಾಗಲಿ ಕೊಡಬೇಡಿ. ಇದರಲ್ಲಿ ರಾಜಿ ಇಲ್ಲ. ಹಸುವಿನ ಹಾಲಿನ 100 ಮಿಲಿಲೀಟರಲ್ಲಿ 3 ಗ್ರಾಂ ದಾಟಿ ಪ್ರೋಟೀನ್, ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮನೆಯ ಟೈಗರ್‌ನಟ್ ಹಾಲಿನಲ್ಲಿ ಪ್ರೋಟೀನ್ ಅದರ ಹತ್ತಿರಕ್ಕೂ ಬರುವುದಿಲ್ಲ, ಕ್ಯಾಲ್ಸಿಯಂ ಬಹಳ ಕಡಿಮೆ, ಬಿ12 ಇಲ್ಲವೇ ಇಲ್ಲ. ನೋಡಲು ಹಾಲಿನ ಹಾಗೆ ಬೆಳ್ಳಗಿದೆ ಅಂತ ಮೋಸ ಹೋಗಬಾರದು. ನನ್ನ ಮಗಳಿಗೆ ದಿನದ ಹಾಲು ಅಂತ ಕೊಡುವುದು ಡಾಕ್ಟರ್ ಹೇಳಿದ, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು. ಟೈಗರ್‌ನಟ್ ಅವಳ ಖುಷಿಗೆ. ಜೊತೆಗೆ ರಾಗಿ ಮುದ್ದೆ, ಎಳ್ಳುಂಡೆ, ಸೊಪ್ಪು ಊಟದಲ್ಲಿ ಬರುವ ಹಾಗೆ ನೋಡಿಕೊಳ್ಳುತ್ತೇನೆ. ಇನ್ನೊಂದು ವಿಷಯ, ಬ್ರಿಟನ್ನಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಹಾಲು ಕೊಡಬೇಡಿ ಅಂತ ಆರೋಗ್ಯ ಇಲಾಖೆಯೇ ಹೇಳುತ್ತದೆ, ಅಕ್ಕಿಯಲ್ಲಿ ಸೇರುವ ಆರ್ಸೆನಿಕ್ ಕಾರಣಕ್ಕೆ. ಅದಕ್ಕೇ ಅಕ್ಕಿ ಹಾಲನ್ನು ನಾನು ಈ ಹೋಲಿಕೆಗೇ ತರಲಿಲ್ಲ.

ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಹಾಕದ್ದನ್ನೇ ಕುಡಿದರೂ ಅದರಲ್ಲಿ ಗಡ್ಡೆಯ ಸಿಹಿ, ಪಿಷ್ಟ ಇರುತ್ತದೆ ಅಂತ ನೆನಪಿಡಿ. ಬಸುರಿಯರು, ತೀರಾ ಚಿಕ್ಕವರು, ಕಾಯಿಲೆಯಿಂದ ಸುಸ್ತಾದವರು ಮನೆಯ ಹಸಿ ಹಾಲಿಗಿಂತ ಪ್ಯಾಶ್ಚರೀಕರಿಸಿದ ಬಾಟಲಿಯದ್ದನ್ನು ಕುಡಿಯುವುದೇ ಕ್ಷೇಮ. ಮಣ್ಣಿನೊಳಗಿನ ಗಡ್ಡೆ, ಬೇಯಿಸದೆ ಕುಡಿಯುವ ಪಾನೀಯ, ಎರಡೂ ಸೇರಿದರೆ ಶುಚಿಯ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬಾರದು. ಬಟ್ಟೆಯನ್ನು ಪ್ರತಿ ಸಲ ಕುದಿಯುವ ನೀರಲ್ಲಿ ಅದ್ದಿ ತೆಗೆಯಿರಿ, ಜಾರ್‌ನ ಬ್ಲೇಡ್ ಕೆಳಗೆ ಉಳಿದದ್ದನ್ನು ಬ್ರಷ್‌ನಲ್ಲಿ ಉಜ್ಜಿ.

ಎಷ್ಟು ದಿನ ಇಡಬಹುದು, ಹಿಪ್ಪೆ ಏನು ಮಾಡುವುದು

ಫ್ರಿಜ್‌ನಲ್ಲಿ ಎರಡು ದಿನ, ಬಹಳ ಅಂದರೆ ಮೂರು. ಬಾಗಿಲಲ್ಲಿ ಇಡಬೇಡಿ, ಒಳಗೆ ತಣ್ಣಗಿನ ಮೂಲೆಯಲ್ಲಿ ಇಡಿ. ಕಾಯಿ ಸೇರಿಸಿದ್ದು ಇನ್ನೂ ಬೇಗ ಹುಳಿಯಾಗುತ್ತದೆ, ಅದನ್ನು ಮರುದಿನವೇ ಮುಗಿಸಿ. ತಳದಲ್ಲಿ ಪಿಷ್ಟ ಕೂರುವುದು ಸಹಜ, ಅಲ್ಲಾಡಿಸಿ ಕುಡಿಯಿರಿ. ಆದರೆ ಮೂಗಿಗೆ ಹುಳಿ ತಾಗಿದರೆ ಅಥವಾ ನಾಲಿಗೆಗೆ ಚುರ್ ಅಂದರೆ ಚೆಲ್ಲಿಬಿಡಿ.

ಹಿಪ್ಪೆ ಎಸೆಯಬೇಡಿ. ನಾರೆಲ್ಲ ಅದರಲ್ಲೇ ಇದೆ. ಓವನ್‌ನಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಪುಡಿ ಮಾಡಿದರೆ ರೊಟ್ಟಿ ಹಿಟ್ಟಿಗೆ ಎರಡು ಚಮಚ ಸೇರಿಸಬಹುದು. ನಾನು ಖರ್ಜೂರ, ಕೊಬ್ಬರಿ ತುರಿ ಹಾಕಿ ಉಂಡೆ ಕಟ್ಟುತ್ತೇನೆ. ದಿನಕ್ಕೆ ಒಂದು ಉಂಡೆ ಸಾಕು, ಒಂದೇ ಸಲ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ.

ಹಾಲು ಮಿಕ್ಕಿದರೆ ಒಂದು ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಅರ್ಧ ಗಂಟೆಗೊಮ್ಮೆ ಫೋರ್ಕ್‌ನಲ್ಲಿ ಕೆರೆಯುತ್ತಾ ಹೋದರೆ ಪುಡಿ ಮಂಜಿನ ಹಾಗಾಗುತ್ತದೆ. ವೆಲೆನ್ಸಿಯಾದಲ್ಲಿ ಬೇಸಿಗೆಯಲ್ಲಿ ಹೀಗೂ ಮಾರುತ್ತಾರೆ. ಪೂರ್ತಿ ಗಟ್ಟಿಯಾಗಲು ಬಿಟ್ಟು ಕರಗಿಸಬೇಡಿ, ಹಾಲು ನೀರು ಬೇರೆ ಬೇರೆಯಾಗಿ ಮತ್ತೆ ಮಿಕ್ಸಿಗೆ ಹಾಕಬೇಕಾಗುತ್ತದೆ. ನಮ್ಮ ಮನೆಯಲ್ಲಿ ಕರಗುವವರೆಗೆ ಅದು ಉಳಿದಿಲ್ಲ, ಮಗಳು ಚಮಚ ಹಿಡಿದು ಫ್ರೀಜರ್ ಬಾಗಿಲಲ್ಲೇ ನಿಂತಿರುತ್ತಾಳೆ.